ಆಕರಕೋಶಗಳ ಗುರುತು ಹಿಡಿಯುವ ಪ್ರತಿಕಾಯಗಳು

ಸ್ಟೆಮ್ ಸೆಲ್ ಎಂದು ಕರೆಯಲಾಗುವ ಆಕರಕೋಶಗಳು ಅಸ್ಥಿಮಜ್ಜೆಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅವುಗಳನ್ನು ನೆರೆಯ ಕೋಶಗಳಿಂದ ಖಚಿತವಾಗಿ ಬೇರ್ಪಡಿಸಲಾಗದು. ಆದರೆ ಮೂಟೆಯ ಮೇಲಿನ ಮುದ್ರೆಯಿಂದ ಒಳಗಿನ ಮಾಲನ್ನು ಅರಿಯುವಂತೆ, ಕೋಶದ ಹೊರಮೈಯಲ್ಲಿರುವ ಪ್ರೋಟೀನುಗಳಿಂದ ಅದರ ಬಗೆಯನ್ನು ಅರಿಯಬಹುದು. ಆ ಮುದ್ರೆಯನ್ನು ಓದುವ ಸಾಧನವೇ ಪ್ರತಿಕಾಯ.

ನಿರ್ದಿಷ್ಟ ಗುರುತಿಗೆ ಮಾತ್ರ ಅಂಟಿಕೊಳ್ಳುವ ಏಕರೂಪದ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು 1975ರಲ್ಲಿ ಕೇಂಬ್ರಿಡ್ಜ್‌ನ ಕೋಲರ್ ಮತ್ತು ಮಿಲ್‌ಸ್ಟೈನ್ ಪ್ರಕಟಿಸಿದರು. 1984ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಗುರುತುಗಳಿಗೆ ‘ಸಿ.ಡಿ.’ ಸಂಖ್ಯೆ ನೀಡುವ ಪದ್ಧತಿಯು 1982ರ ಪ್ಯಾರಿಸ್ ಕಾರ್ಯಾಗಾರದಿಂದ ಆರಂಭವಾಯಿತು.

ರಕ್ತದ ಆಕರಕೋಶಗಳಿಗೆ ಮುಖ್ಯ ಗುರುತು ಸಿ.ಡಿ.34. ಹೊಳೆಯುವ ಬಣ್ಣ ಜೋಡಿಸಿದ ಪ್ರತಿಕಾಯವನ್ನು ಮಾದರಿಗೆ ಬೆರೆಸಿ, ಕೋಶಗಳನ್ನು ಒಂದೊಂದಾಗಿ ಲೇಸರ್ ಕಿರಣದ ಮುಂದೆ ಹಾಯಿಸಿದಾಗ, ಫ್ಲೋ ಸೈಟೋಮೀಟರ್ ಯಂತ್ರವು ಸೆಕೆಂಡಿಗೆ ಸಾವಿರಾರು ಕೋಶಗಳನ್ನು ಎಣಿಸುತ್ತದೆ. ಬಣ್ಣದ ಬದಲು ಸೂಕ್ಷ್ಮ ಕಾಂತೀಯ ಮಣಿ ಜೋಡಿಸಿದರೆ ಆಯಸ್ಕಾಂತದಿಂದಲೇ ಕೋಶಗಳನ್ನು ಬೇರ್ಪಡಿಸಬಹುದು. ಆದರೆ ಸಿ.ಡಿ.34 ಇತರ ಕೆಲವು ಕೋಶಗಳ ಮೇಲೂ ಇರುವುದರಿಂದ, ಸಂಶೋಧಕರು ಸಿ.ಡಿ.38 ಇಲ್ಲದಿರುವುದು, ಸಿ.ಡಿ.90 ಇರುವುದು ಮುಂತಾದ ಗುರುತುಗಳನ್ನೂ ಒಟ್ಟಾಗಿ ಪರಿಶೀಲಿಸುತ್ತಾರೆ.

ಈ ಎಣಿಕೆಯ ಮಹತ್ವ ಪ್ರಯೋಗಾಲಯಕ್ಕೆ ಸೀಮಿತವಲ್ಲ. ರಕ್ತದ ಆಕರಕೋಶಗಳ ಕಸಿಯಲ್ಲಿ ರೋಗಿಯ ತೂಕದ ಪ್ರತಿ ಕಿಲೋಗ್ರಾಂಗೆ ಕನಿಷ್ಠ 20 ಲಕ್ಷ ಸಿ.ಡಿ.34 ಕೋಶಗಳಿರಬೇಕೆಂಬುದು ಸಾಮಾನ್ಯ ಮಾನದಂಡ. ಎಣಿಕೆ ತಪ್ಪಿದರೆ ರೋಗಿಯ ಚೇತರಿಕೆಗೇ ಧಕ್ಕೆ. ದೋಷಯುಕ್ತ ಪ್ರತಿಕಾಯಗಳಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 80 ಕೋಟಿ ಡಾಲರ್ ಪೋಲಾಗುತ್ತಿದೆಯೆಂದು 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತಜ್ಞರು ಅಂದಾಜಿಸಿದ್ದರು.

ಆದ್ದರಿಂದ ಈ ಸರಕಿನ ವಹಿವಾಟಿನಲ್ಲಿ ತೊಡಗುವವರು ಕೆಲವು ಅಂಶಗಳನ್ನು ಮರೆಯಬಾರದು. ಬಣ್ಣ ಜೋಡಿಸಿದ ಪ್ರತಿಕಾಯಗಳನ್ನು ಸಾಮಾನ್ಯವಾಗಿ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬೆಳಕು ತಾಗದಂತೆ ಇಡಬೇಕು. ಹೆಪ್ಪುಗಟ್ಟಿದರೆ ಹಲವು ಬಣ್ಣಗಳು ಕೆಡುತ್ತವೆ. ಬೇಡಿಕೆ ಪತ್ರದಲ್ಲಿ ಸಿ.ಡಿ. ಸಂಖ್ಯೆಯಷ್ಟೇ ಸಾಲದು, ಕ್ಲೋನ್ ಹೆಸರು, ಬಣ್ಣ ಹಾಗೂ ಯಾವ ಪ್ರಾಣಿಯ ಕೋಶಕ್ಕೆ ಎಂಬುದೂ ಇರಬೇಕು. ಪ್ರತಿ ಬ್ಯಾಚಿನ ಗುಣಮಟ್ಟದ ಪ್ರಮಾಣಪತ್ರವನ್ನು ಕಾಯ್ದಿಡಬೇಕು. ‘ಸಂಶೋಧನೆಗೆ ಮಾತ್ರ’ ಎಂದು ನಮೂದಿಸಿದ ಮಾಲನ್ನು ರೋಗಿಗಳ ತಪಾಸಣೆಗೆಂದು ಮಾರತಕ್ಕದ್ದಲ್ಲ. ರೋಗನಿದಾನದ ಸಾಮಗ್ರಿಗಳಿಗೆ ಭಾರತದಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮಗಳು ಅನ್ವಯಿಸುತ್ತವೆ. ಬೆರಳುದ್ದದ ಸೀಸೆಯಾದರೂ ಅದರ ಮೇಲಿನ ಚೀಟಿ ನಿಜವಾಗಿದ್ದರೆ ಮಾತ್ರ ಅದಕ್ಕೆ ಬೆಲೆ.