ಡಬ್ಬಿ ತಿರುಗಿಸಿ ಓದಿ

ನಮ್ಮ ಇಳಕಲ್ಲು ಸೀರೆಯ ಊರು, ಕಲ್ಲಿನ ಊರು. ಇಲ್ಲಿಯ ಕೆಂಪು ಗ್ರಾನೈಟ್ ದೂರದೂರಕ್ಕೆ ಹೋಗುತ್ತದೆ. ಅದನ್ನು ಕೊಯ್ಯುವವರ ಎದೆಯೊಳಗೆ ಹುಡಿ ಇಳಿದರೆ ಏನಾಗುತ್ತದೆಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆ ಹುಡಿಯೂ ಖನಿಜವೇ, ನೈಸರ್ಗಿಕವೇ. ಹೀಗಾಗಿ ಡಬ್ಬಿಯ ಮೇಲೆ ‘ಮಿನರಲ್ ಮೇಕಪ್, ನೂರಕ್ಕೆ ನೂರು ನೈಸರ್ಗಿಕ’ ಎಂದಿದ್ದರೆ ನನಗೆ ಸಮಾಧಾನವಾಗುವುದಿಲ್ಲ. ಹದಿನೆಂಟು ವರ್ಷದಿಂದ ಔಷಧಿ ಅಂಗಡಿ ನಡೆಸುತ್ತಿರುವವಳು ನಾನು. ಡಬ್ಬಿ ತಿರುಗಿಸಿ, ಹಿಂದಿನ ಸಣ್ಣ ಅಕ್ಷರ ಓದುತ್ತೇನೆ.

ಕಳೆದ ಬೇಸಿಗೆ ಬಾದಾಮಿಯಲ್ಲಿ ಅಣ್ಣನ ಮಗಳ ಮದುವೆ. ಅಕ್ಷತೆ ಬೀಳುವ ಹೊತ್ತಿಗೆ ಹುಡುಗಿ ನನ್ನ ಸೆರಗು ಜಗ್ಗಿ, “ಅತ್ತಿ, ಮಾರಿ ಭಾಳ ತುರಸಾಕತ್ತೈತಿ” ಎಂದಳು. ಬೆವರು ಇಳಿದಲ್ಲೆಲ್ಲ ಕೆನ್ನೆ ಕೆಂಪಾಗಿತ್ತು. ಆಮೇಲೆ ಅವಳು ಹಚ್ಚಿಕೊಂಡಿದ್ದ ಮಿನರಲ್ ಪೌಡರನ್ನು ಬೆರಳಲ್ಲಿ ತಿಕ್ಕಿ ನೋಡಿದೆ. ಮುತ್ತಿನ ಹೊಳಪು, ರೇಷ್ಮೆಯ ನುಣುಪು. ಹಿಂಬದಿಯ ಪಟ್ಟಿಯಲ್ಲಿ ಮೊದಲ ಹೆಸರೇ ಬಿಸ್ಮತ್ ಆಕ್ಸಿಕ್ಲೋರೈಡ್. ಸೀಸ, ತಾಮ್ರ ಶುದ್ಧ ಮಾಡುವಾಗ ಸಿಗುವ ಬಿಸ್ಮತ್‌ನಿಂದ ಕಾರ್ಖಾನೆಯಲ್ಲಿ ತಯಾರಾಗುವ ಪುಡಿ ಅದು. ಎಲ್ಲರಿಗೂ ತೊಂದರೆ ಮಾಡುವುದಿಲ್ಲ. ಕೆಲವರಿಗೆ ಬೆವರು ಕೂಡಿದರೆ ತುರಿಕೆ.

ಅದರ ಕೆಳಗೆ ಮೈಕಾ, ಅಂದರೆ ನಮ್ಮ ಕಾಗೆಬಂಗಾರ. ಮತ್ತೆ ಟಾಲ್ಕ್: ಪಾಟಿಯ ಮೇಲೆ ನಾವು ಬರೆದ ಬಳಪದ ಕಲ್ಲಿನ ಹುಡಿ. ಅಗ್ಗ, ನುಣುಪು, ಡಬ್ಬಿ ತುಂಬಿಸಲು ಅನುಕೂಲ. ಆದರೆ ನೆಲದೊಳಗೆ ಇದರ ಮಗ್ಗುಲಲ್ಲೇ ಕೆಲವೆಡೆ ಕ್ಯಾನ್ಸರ್ ತರುವ ಆಸ್ಬೆಸ್ಟಾಸ್ ಇರುತ್ತದೆ. 2024ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಟಾಲ್ಕನ್ನೇ ‘ಬಹುಶಃ ಕ್ಯಾನ್ಸರ್ ತರಬಲ್ಲದ್ದು’ ಎಂಬ ಗುಂಪಿಗೆ ಸೇರಿಸಿತು. ತನ್ನ ಪೌಡರ್ ಸುರಕ್ಷಿತವೆಂದು ಹೇಳುತ್ತಲೇ ಬಂದ ಜಾನ್ಸನ್ ಆ್ಯಂಡ್ ಜಾನ್ಸನ್ ಕೂಡ 2023ರಲ್ಲಿ ಟಾಲ್ಕ್ ಬಿಟ್ಟು ಗೋವಿನಜೋಳದ ಪಿಷ್ಟಕ್ಕೆ ಬಂತು.

ಗುಳಿಗೆಗಳದ್ದೂ ಇದೇ ಕಥೆ. ಹುನಗುಂದ ಕಡೆಯ ಅಜ್ಜ ಒಬ್ಬರು ಶಕ್ತಿಯ ಕ್ಯಾಪ್ಸೂಲಿನ ಡಬ್ಬಿ ಮುಂದಿಟ್ಟು, “ಇದರಾಗ ಏನೇನ್ ಹಾಕ್ಯಾರ, ಓದಿ ಹೇಳವ್ವಾ” ಎಂದರು. ಭರ್ತಿಗೆ ಏನಾದರೂ ಹಾಕಲೇಬೇಕು, ನಿಜ. 60,000 ಐಯು ವಿಟಮಿನ್ ಡಿ ಎಂದರೆ ತೂಕ ಬರೀ 1.5 ಮಿಲಿಗ್ರಾಂ, ಬೆರಳಿಗೂ ಸಿಗದಷ್ಟು. ಕೇಳಬೇಕಾದದ್ದು, ಯಾವುದರ ಭರ್ತಿ ಎಂದು. ಮಾಲ್ಟೊಡೆಕ್ಸ್‌ಟ್ರಿನ್ ಸಕ್ಕರೆಯಷ್ಟೇ ಬೇಗ ರಕ್ತಕ್ಕೆ ಏರುತ್ತದೆ. ಚಮಚಗಟ್ಟಲೆ ಪ್ರೋಟೀನ್ ಪೌಡರ್ ಕುಡಿಯುವ ಸಕ್ಕರೆ ಕಾಯಿಲೆಯವರು ಇದನ್ನು ನೋಡಲೇಬೇಕು. ಲ್ಯಾಕ್ಟೋಸ್, ಹಾಲು ಆಗದವರ ಹೊಟ್ಟೆ ಕೆಡಿಸುತ್ತದೆ. ಬಿಳುಪಿಗೆ ಹಾಕುವ ಟೈಟಾನಿಯಂ ಡೈಆಕ್ಸೈಡ್ ವಂಶವಾಹಿಗೆ ಹಾನಿ ಮಾಡುವ ಸಾಧ್ಯತೆಯನ್ನು ತಳ್ಳಿಹಾಕಲಾಗದೆಂದು ಐರೋಪ್ಯ ಒಕ್ಕೂಟ 2022ರಲ್ಲಿ ಅದನ್ನು ಆಹಾರದಲ್ಲಿ ನಿಷೇಧಿಸಿತು. ಇನ್ನು ಆ ಕ್ಯಾಪ್ಸೂಲಿನ ಹೊದಿಕೆ ಜೆಲಾಟಿನ್. ಪ್ರಾಣಿಗಳ ತೊಗಲು, ಎಲುಬಿನಿಂದ ತೆಗೆದದ್ದು. ಕೊರಳಲ್ಲಿ ಲಿಂಗ ಕಟ್ಟಿದ ಆ ಅಜ್ಜನಿಗೆ ಈ ಮಾತನ್ನು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಸುಮ್ಮನೆ ಡಬ್ಬಿ ಹಿಂದಕ್ಕೆ ಸರಿಸಿದರು.

ಅಮೀನಗಡದ ಕರದಂಟು ಮುರಿದರೆ ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ ಕಣ್ಣಿಗೇ ಕಾಣುತ್ತವೆ. ಕ್ಯಾಪ್ಸೂಲಿನಲ್ಲಿ ಕಾಣುವುದಿಲ್ಲ, ಆದ್ದರಿಂದಲೇ ಕಾನೂನು ಪಟ್ಟಿ ಕೇಳುತ್ತದೆ. ಹೆಚ್ಚು ಪ್ರಮಾಣದಲ್ಲಿರುವುದರ ಹೆಸರು ಮೊದಲು ಬರಬೇಕು. ಪೂರಕ ಆಹಾರದ ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆ ಇರಬೇಕು. ಪಟ್ಟಿಯಾಗಲಿ ಸಂಖ್ಯೆಯಾಗಲಿ ಇಲ್ಲದ್ದನ್ನು ಜಾತ್ರೆಯಲ್ಲಿ ಎಷ್ಟೇ ಸೋವಿ ಕೊಟ್ಟರೂ ಕೊಳ್ಳಬೇಡಿ. ಹೊಸ ಪೌಡರನ್ನು ಮೊದಲು ಮೊಣಕೈ ಒಳಮಗ್ಗುಲಿಗೆ ಹಚ್ಚಿ ಒಂದು ದಿನ ನೋಡಿ. ಕೂಸುಗಳ ಮುಖದ ಹತ್ತಿರ ಯಾವ ಪೌಡರನ್ನೂ ಉದುರಿಸಬೇಡಿ. ಸಣ್ಣ ಅಕ್ಷರ ಓದಲು ಆಗದಿದ್ದರೆ ಆ ಅಜ್ಜನ ಹಾಗೆ ಅಂಗಡಿಯವರನ್ನು ಕೇಳಿ. ಓದಿ ಹೇಳುವುದು ನಮ್ಮ ಕೆಲಸ.