ಸೊಂಟದ ಪಕ್ಕದಲ್ಲಿ ಹುಟ್ಟುವ ವೇಗ

ಕೋಚ್ ಮೊದಲು ಮಾಡಿದ ಕೆಲಸವೆಂದರೆ ಹುಡುಗಿಯ ಮುಂಗೈ ಒಳಭಾಗಕ್ಕೆ ಸೀಮೆಸುಣ್ಣದ ಪುಡಿ ಬಳಿದದ್ದು. ‘ಚೆಂಡು ಎಲ್ಲಿಗಾದರೂ ಹೋಗಲಿ, ನಿನ್ನ ಪ್ಯಾಂಟಿನ ಪಕ್ಕ ಬೆಳ್ಳಗಾಗಬೇಕು’ ಎಂದರು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಅವಳ ಒಂಬತ್ತು ವರ್ಷದ ಮಗಳನ್ನು ಸಾಫ್ಟ್‌ಬಾಲ್ ಪಿಚಿಂಗ್ ಪಾಠಕ್ಕೆ ಕರೆದೊಯ್ಯುವ ಹೊಣೆ ನನ್ನದಾಗಿತ್ತು. ಹುಡುಗಿ ಕೈ ಸುತ್ತಿ ಎಸೆದಳು. ಚೆಂಡು ಒಮ್ಮೆ ಬೇಲಿಗೆ ಬಡಿಯಿತು, ಒಮ್ಮೆ ಆಕಾಶಕ್ಕೆ ಹಾರಿತು, ಒಮ್ಮೆ ನಾನು ಕೂತಿದ್ದ ಬೆಂಚಿನ ಕೆಳಗೆ ಉರುಳಿ ಬಂತು. ಕೋಚ್ ಒಂದು ಸಲವೂ ಚೆಂಡಿನ ಕಡೆ ತಿರುಗಲಿಲ್ಲ. ಪ್ರತಿ ಎಸೆತದ ನಂತರ ಅವರ ಕಣ್ಣು ಹುಡುಗಿಯ ಸೊಂಟದ ಮೇಲೆ. ಪಾಠ ಮುಗಿಯುವ ಹೊತ್ತಿಗೆ ಅಲ್ಲೊಂದು ಬಿಳಿ ಪಟ್ಟೆ ಮೂಡಿತ್ತು. ಚೆಂಡಿನಿಂದ ‘ಸುಂಯ್’ ಎಂಬ ಸದ್ದೂ ಬರತೊಡಗಿತ್ತು!

ಆ ಸದ್ದು ಎಲ್ಲಿಂದ ಬಂತು ಎಂಬ ಕುತೂಹಲ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಗಾಳಿಯಂತ್ರದ ರೆಕ್ಕೆಯಂತೆ ಪೂರ್ತಿ ಒಂದು ಸುತ್ತು ಹಾಕಿ ಬರುವ ತೋಳು ಕೆಳಗಿಳಿಯುವಾಗ ಮೊದಲು ಮೊಣಕೈ ಮೈಯತ್ತ ಬರುತ್ತದೆ, ಅಂಗೈ ಹಿಂದೆ ಉಳಿಯುತ್ತದೆ. ಮುಂಗೈ ಒಳಭಾಗ ಸೊಂಟದ ಪಕ್ಕಕ್ಕೆ ಸವರಿಕೊಂಡು ಹೋಗುತ್ತದೆ. ಆ ಕ್ಷಣ ತೋಳಿನ ವೇಗ ತಗ್ಗುತ್ತದೆ, ಅದರಲ್ಲಿದ್ದ ಬಿರುಸೆಲ್ಲ ಕೈಬೆರಳಿಗೆ ಹರಿಯುತ್ತದೆ, ಮುಂಗೈ ತನ್ನಷ್ಟಕ್ಕೆ ಒಳಮುಖವಾಗಿ ತಿರುಗಿ ಚೆಂಡು ಚಿಮ್ಮುತ್ತದೆ. ಜಪಾನಿನಲ್ಲಿ ಈ ಸವರುವಿಕೆ ಪಿಚಿಂಗ್‌ನ ಆರಂಭದ ಪಾಠಗಳಲ್ಲೇ ಬರುತ್ತದೆ.

ಅಮೆರಿಕದಲ್ಲಿ ಬಹುಕಾಲ ಮೊದಲ ಪಾಠವೇ ಬೇರೆಯಿತ್ತು, ಈಗಲೂ ಅನೇಕ ಮೈದಾನಗಳಲ್ಲಿದೆ. ಮಗು ಹತ್ತಿರದಲ್ಲಿ ನಿಂತು ಮಣಿಕಟ್ಟನ್ನಷ್ಟೇ ಕೊಡವಿ ಚೆಂಡು ಎಸೆಯಬೇಕು. ಆಮೇಲೆ ಬರುವುದು ‘ಹಲೋ ಎಲ್ಬೋ’. ತೋಳು ಹಿಂದಿರುವಾಗ ಅಂಗೈಯನ್ನು ನೆಲದತ್ತ ತಿರುಗಿಸಿ, ಚೆಂಡನ್ನು ಮುಂದಕ್ಕೆ ದಬ್ಬಿ, ಕೊನೆಗೆ ಮೊಣಕೈಯನ್ನು ಎತ್ತಿ ಕ್ಯಾಚರ್‌ಗೆ ತೋರಿಸುವುದು. ದೊಡ್ಡ ಪಿಚರ್‌ಗಳ ನಿಧಾನಗತಿಯ ವಿಡಿಯೊಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಈ ದಬ್ಬುವಿಕೆ ಅವರ ಎಸೆತದಲ್ಲಿ ಕಾಣಲಿಲ್ಲ. ಚೆಂಡು ಬಿಟ್ಟ ಮೇಲೆ ಅವರ ತೋಳು ಸಡಿಲವಾಗಿ, ತಾನಾಗಿ ಮೇಲೇರುತ್ತದೆ. ಕಂಡವರು ಆ ಕೊನೆಯ ಭಂಗಿಯನ್ನೇ ಕಾರಣವೆಂದು ಹಿಡಿದು ತಲೆಮಾರುಗಟ್ಟಲೆ ಮಕ್ಕಳ ಮೇಲೆ ಹೇರಿದ್ದಾರೆ. ಇಷ್ಟು ವಿಡಿಯೊ ಕೈಗೆಟುಕುವ ಕಾಲದಲ್ಲೂ ಅದನ್ನು ಕಲಿಸುವುದಕ್ಕೆ ನನಗೆ ಸಮರ್ಥನೆ ಕಾಣದು.

ಹಾಗಾದರೆ ಆರಂಭ ಎಲ್ಲಿಂದ? ಆ ಕೋಚ್ ಕಾಲಿಂದ ಶುರು ಮಾಡಲಿಲ್ಲ, ಪೂರ್ತಿ ಸುತ್ತಿನಿಂದಲೂ ಅಲ್ಲ. ಹುಡುಗಿಯನ್ನು ಕ್ಯಾಚರ್‌ಗೆ ಅಡ್ಡವಾಗಿ ನಿಲ್ಲಿಸಿ, ತೋಳನ್ನು ಭುಜದ ಮಟ್ಟದಲ್ಲಿ ಹಿಂದೆ ಚಾಚಿಸಿ, ಅಂಗೈ ಮೇಲ್ಮುಖವಾಗಿಸಿ ಅಲ್ಲಿಂದ ಕೈ ಬಿಡಿಸಿದರು. ಅದು ಕೂತ ಮೇಲೆ ಅರ್ಧ ಸುತ್ತು, ಆಮೇಲೆ ಪೂರ್ತಿ ಸುತ್ತು, ಕಡೆಗೆ ಮುಂದಕ್ಕೆ ಚಿಮ್ಮುವ ಹೆಜ್ಜೆ. ಸೊಂಟವನ್ನು ಪೂರ್ತಿ ಮುಂದಕ್ಕೆ ತಿರುಗಿಸಿಬಿಟ್ಟರೆ ಮುಂಗೈಗೆ ದಾರಿಯಿಲ್ಲದೆ ಪೆಟ್ಟಾಗುತ್ತದೆ, ಆದ್ದರಿಂದ ಚೆಂಡು ಬಿಡುವ ತನಕ ಮೈ ಅರೆ ತೆರೆದೇ ಇರಬೇಕು. ಅಂಪೈರ್ ಇಲ್ಲ, ಸ್ಟ್ರೈಕ್ ಲೆಕ್ಕವಿಲ್ಲ. ಗುರಿ ನೋಡು ಎಂದೊಡನೆ ಮಗು ಕೈ ಬಿಗಿಹಿಡಿಯುತ್ತದೆ, ಬಿಗಿದ ಕೈ ಚೆಂಡನ್ನು ದಬ್ಬುತ್ತದೆ. ವೇಗ ಮೊದಲು, ಗುರಿ ಆಮೇಲೆ. ಈ ಕ್ರಮವೇ ಸರಿ ಎಂದು ನನಗೂ ಅನಿಸಿದೆ.

1887ರಲ್ಲಿ ಷಿಕಾಗೋದ ಫಾರಗಟ್ ಬೋಟ್ ಕ್ಲಬ್ಬಿನೊಳಗೆ ಬಾಕ್ಸಿಂಗ್ ಗ್ಲೌಸು, ಪೊರಕೆ ಕೋಲು ಹಿಡಿದು ಆಡಿ ಶುರುವಾದ ಆಟ ಈ ಸಾಫ್ಟ್‌ಬಾಲ್. ಹೆಸರಿನಲ್ಲಿ ಮೆತ್ತಗಿದ್ದರೂ ಆಟ ಮೆತ್ತಗಿಲ್ಲ. 1961ರಲ್ಲಿ ಕನೆಕ್ಟಿಕಟ್‌ನ ವಾಟರ್‌ಬರಿಯಲ್ಲಿ ನಡೆದ ಪ್ರದರ್ಶನ ಪಂದ್ಯದಲ್ಲಿ, ಹಿಂದಿನ ವರ್ಷವಷ್ಟೇ ನಿವೃತ್ತನಾಗಿದ್ದ ಬೇಸ್‌ಬಾಲ್ ದಿಗ್ಗಜ ಟೆಡ್ ವಿಲಿಯಮ್ಸ್‌ನನ್ನು ಜೋನ್ ಜಾಯ್ಸ್ ಎಂಬ ಯುವತಿ ಔಟ್ ಮಾಡಿದಳು. ಇಂದು ಮಹಿಳೆಯರ ಪಂದ್ಯಗಳಲ್ಲಿ ಪಿಚರ್ ನಿಲ್ಲುವುದು 43 ಅಡಿ ದೂರದಲ್ಲಿ. ಗಂಟೆಗೆ 105 ಕಿ.ಮೀ. ವೇಗದ ಚೆಂಡು ಅಲ್ಲಿಂದ ಅರ್ಧ ಸೆಕೆಂಡಿನೊಳಗೆ ಬ್ಯಾಟ್ ಮುಟ್ಟುತ್ತದೆ. ಹತ್ತು ವರ್ಷದೊಳಗಿನವರಿಗೆ ದೂರ 35 ಅಡಿ, ಚೆಂಡಿನ ಸುತ್ತಳತೆಯೂ 12 ಇಂಚಿನ ಬದಲು 11.

ಕೆಳಗಿನಿಂದ ಎಸೆಯುವುದು ಸಹಜ, ಅದರಿಂದ ಭುಜಕ್ಕೆ ತೊಂದರೆಯಿಲ್ಲ ಎಂಬ ಮಾತು ಅಮೆರಿಕದಲ್ಲಿ ಮನೆಮನೆಯಲ್ಲೂ ಕೇಳುತ್ತದೆ. ಅದು ನಿಜವಲ್ಲ. ಸಂಶೋಧಕರು ಅಳೆದಾಗ ಭುಜದ ಮೇಲೆ ಬೀಳುವ ಎಳೆತ ಭಾರೀ ಎಂದೇ ಕಂಡಿದೆ. ತೋಳಿನ ಮುಂಭಾಗದ ಬೈಸೆಪ್ಸ್ ಸ್ನಾಯು ಮೇಲಿನಿಂದ ಎಸೆಯುವಾಗಿನದಕ್ಕಿಂತ ಇಲ್ಲಿ ಹೆಚ್ಚು ದುಡಿಯುತ್ತದೆ. ಹಾಗಿದ್ದೂ ಮಕ್ಕಳ ಪಂದ್ಯಗಳನ್ನು ನಡೆಸುವ ಲಿಟಲ್ ಲೀಗ್ ಸಂಸ್ಥೆ 2007ರಿಂದ ಬೇಸ್‌ಬಾಲ್ ಹುಡುಗರ ಎಸೆತಗಳನ್ನು ಒಂದೊಂದಾಗಿ ಎಣಿಸಿತು, ಸಾಫ್ಟ್‌ಬಾಲ್ ಹುಡುಗಿಯರಿಗೆ ಇನ್ನಿಂಗ್ಸ್ ಲೆಕ್ಕ ಹಾಕಿತು. ಒಂದು ಇನ್ನಿಂಗ್ಸ್ ಆರು ಎಸೆತಕ್ಕೂ ಮುಗಿಯಬಹುದು, ನಲವತ್ತಕ್ಕೂ ಎಳೆಯಬಹುದು.

2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಯುಕಿಕೊ ಉಎನೊ ಎರಡು ದಿನಗಳಲ್ಲಿ, ಮೂರು ಪಂದ್ಯಗಳಲ್ಲಿ 413 ಎಸೆತ ಎಸೆದು ಅಮೆರಿಕದ ಕೈಯಿಂದ ಚಿನ್ನ ಕಿತ್ತುಕೊಂಡರು. ಟೋಕಿಯೊದಲ್ಲಿ 39ರ ವಯಸ್ಸಿನಲ್ಲಿ ಮತ್ತೊಮ್ಮೆ ಚಿನ್ನ ಗೆದ್ದರು. ಅವರ ಎಸೆತಕ್ಕೆ ನಾನು ಮಾರುಹೋದವನು. ಆದರೆ ಆ 413ನ್ನು ಒಂಬತ್ತರ ಮಗುವಿನ ಮುಂದೆ ಆದರ್ಶವೆಂದು ಇಡಬಾರದು. ಮಗಳನ್ನು ಪಿಚಿಂಗ್‌ಗೆ ಸೇರಿಸುವ ಅಮೆರಿಕದಲ್ಲಿನ ಕನ್ನಡದ ಅಪ್ಪ ಅಮ್ಮಂದಿರಿಗೆ, ಶಾಲಾ ಕ್ರೀಡಾಕೂಟಕ್ಕೆ ಸಾಫ್ಟ್‌ಬಾಲ್ ತಂಡ ಕಟ್ಟುವ ಇಲ್ಲಿನ ದೈಹಿಕ ಶಿಕ್ಷಕರಿಗೆ ನನ್ನದೊಂದು ಕೋರಿಕೆ: ನಿಯಮ ಕೇಳದಿದ್ದರೂ ಅಭ್ಯಾಸದ ಎಸೆತಗಳನ್ನೂ ಸೇರಿಸಿ ನೀವೇ ಎಣಿಸಿ, ಭುಜದ ಮುಂಭಾಗ ನೋಯುತ್ತಿದೆ ಎಂದು ಮಗು ಹೇಳಿದ ಕೂಡಲೇ ಚೆಂಡನ್ನು ಚೀಲಕ್ಕೆ ಹಾಕಿ.