ಉದುರುವ ಅಕ್ಷರ, ಉಳಿಯುವ ಖರ್ಚು

ಹುಣಸೂರಿನ ಪೀಠೋಪಕರಣ ಮಳಿಗೆ, ಪಿರಿಯಾಪಟ್ಟಣದ ಗೊಬ್ಬರದ ಅಂಗಡಿ, ಕೃಷ್ಣರಾಜನಗರದ ಅಕ್ಕಿ ಗಿರಣಿ, ಹೆಗ್ಗಡದೇವನಕೋಟೆಯ ದಿನಸಿ ವ್ಯಾಪಾರ ಇವೆಲ್ಲಕ್ಕೂ ಸಮಾನವಾದ ಆಸ್ತಿ ಬಾಗಿಲ ಮೇಲಿನ ನಾಮಫಲಕ. ಲೆಕ್ಕದ ಪುಸ್ತಕದಲ್ಲಿ ಅದರ ಮೊತ್ತ ಅಲ್ಪವೆಂಬ ಕಾರಣಕ್ಕೆ ಅದರ ತಯಾರಿಕೆಯತ್ತ ಗಮನ ಹರಿಸುವ ವ್ಯಾಪಾರಸ್ಥರು ವಿರಳ.

2016ರಲ್ಲಿ ರಾಜ್ಯ ಸರ್ಕಾರವು ಫ್ಲೆಕ್ಸ್ ಮೇಲೆ ನಿಷೇಧ ವಿಧಿಸಿತು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ಆದ ತಿದ್ದುಪಡಿಯು ಫಲಕದ ಶೇ. 60 ಭಾಗ ಕನ್ನಡದಲ್ಲಿರಬೇಕೆಂದೂ, ಕನ್ನಡವು ಮೇಲ್ಭಾಗದಲ್ಲಿರಬೇಕೆಂದೂ ವಿಧಿಸಿದೆ. ಬಣ್ಣ ಬಳಿದ ಪ್ಲೈವುಡ್ ಅಥವಾ ಎಂ.ಡಿ.ಎಫ್. ಹಲಗೆಯ ಮೇಲೆ ಅಕ್ರಿಲಿಕ್ ಇಲ್ಲವೆ ಪಿ.ವಿ.ಸಿ. ಫೋಮ್‌ಶೀಟ್‌ನ ಅಕ್ಷರಗಳನ್ನು ಅಂಟಿಸುವುದು ಕಡಿಮೆ ವೆಚ್ಚದ ಮಾರ್ಗಗಳಲ್ಲೊಂದು. ಸರಿಯಾಗಿ ಅಂಟಿಸದಿದ್ದರೆ ಅದೇ ದುಬಾರಿಯ ಮಾರ್ಗವೂ ಹೌದು.

ಅಕ್ಷರ ಉದುರಿದಾಗ ಅಂಟನ್ನು ದೂರುವುದು ವಾಡಿಕೆ. ಬಿದ್ದ ಅಕ್ಷರದ ಹಿಂಬದಿಯನ್ನು ತಿರುಗಿಸಿ ನೋಡಿದರೆ ಅನೇಕ ಬಾರಿ ಹಲಗೆಯ ಬಣ್ಣವೇ ಪದರವಾಗಿ ಅಂಟಿಕೊಂಡು ಬಂದಿರುತ್ತದೆ. ಅಂಟು ಹಿಡಿಯುವುದು ಮರವನ್ನಲ್ಲ, ಬಣ್ಣವನ್ನು; ಬಣ್ಣವು ಮರವನ್ನು ಬಿಟ್ಟರೆ ಅಂಟಿನ ಬಲ ನಿರರ್ಥಕ. ಎನಾಮೆಲ್ ಬಣ್ಣವು ಮರುದಿನವೇ ಕೈಗೆ ಒಣಗಿದಂತೆ ತೋರಿದರೂ ಒಳಗೆ ಗಟ್ಟಿಯಾಗಲು ಹಲವು ದಿನಗಳು, ಮಳೆಗಾಲದಲ್ಲಿ ಇನ್ನೂ ಹೆಚ್ಚು ಕಾಲ ಬೇಕು. ಉದ್ಘಾಟನೆಯ ಮುಹೂರ್ತವು ಬಣ್ಣ ಒಣಗುವವರೆಗೆ ಕಾಯುವುದಿಲ್ಲವೆಂಬುದೇ ಇಲ್ಲಿನ ತೊಡಕು. ಅಕ್ಷರ ಕೂರುವ ಜಾಗವನ್ನು ನಯವಾದ ಎಮರಿ ಕಾಗದದಿಂದ ಲಘುವಾಗಿ ಉಜ್ಜಿ, ಧೂಳು ಒರೆಸಿ, ಸಂಪೂರ್ಣ ಒಣಗಿದ ಮೇಲೆ ಅಂಟಿಸತಕ್ಕದ್ದು. ಬೆರಳಿಗೆ ಪುಡಿ ಹತ್ತುವ ಹಳೆಯ ಬಣ್ಣದ ಮೇಲೆ ಯಾವ ಅಂಟೂ ನಿಲ್ಲದು.

ಅಂಟಿನ ಆಯ್ಕೆಯಲ್ಲಿಯೂ ವಿವೇಚನೆ ಅಗತ್ಯ. ಕ್ಷಣದಲ್ಲಿ ಹಿಡಿಯುವ ಫೆವಿಕ್ವಿಕ್ ಮಾದರಿಯ ಅಂಟು ಗಾಜಿನಂತೆ ಪೆಡಸು. ಅಕ್ರಿಲಿಕ್ಕಾದರೋ ಬಿಸಿಲಿಗೆ ಹಿಗ್ಗುವ ವಸ್ತು: 30 ಡಿಗ್ರಿ ತಾಪಮಾನ ಏರಿದರೆ ಒಂದು ಮೀಟರ್ ಉದ್ದಕ್ಕೆ ಸುಮಾರು 2 ಮಿ.ಮೀ. ಬೆಳೆಯುತ್ತದೆ. ಮರದ ಹಲಗೆ ಅಷ್ಟು ಹಿಗ್ಗದು. ಈ ಎಳೆದಾಟವನ್ನು ತಾಳಬಲ್ಲದ್ದು ರಬ್ಬರಿನಂತೆ ಬಳುಕುವ ನ್ಯೂಟ್ರಲ್ ಸಿಲಿಕೋನ್ ಅಥವಾ ಉತ್ತಮ ದರ್ಜೆಯ ಎರಡು ಬದಿ ಅಂಟಿನ ಫೋಮ್ ಟೇಪ್. ಟೇಪನ್ನು ಗಟ್ಟಿಯಾಗಿ ಒತ್ತಬೇಕು. ಪೂರ್ಣ ಹಿಡಿತ ಬರಲು ಸುಮಾರು ಮೂರು ದಿನಗಳು ಬೇಕು. ಎರಡನ್ನೂ ಜೊತೆಯಾಗಿ ಬಳಸಿದರೆ ಸಿಲಿಕೋನ್ ಗಟ್ಟಿಯಾಗುವವರೆಗೆ ಟೇಪು ಅಕ್ಷರವನ್ನು ಜಾರದಂತೆ ಹಿಡಿದಿರುತ್ತದೆ. ಸಿಲಿಕೋನ್ ತಗುಲಿದ ಕಡೆ ಮುಂದೆ ಬಣ್ಣ ಹಿಡಿಯದು. ಆದ್ದರಿಂದ ಅಂಚಿನಿಂದ ಹೊರಗೆ ಹರಿಯಬಾರದು. ಥರ್ಮೋಕೋಲ್ ಅಕ್ಷರಗಳಿಗೆ ಫೆವಿಬಾಂಡ್‌ನಂತಹ ದ್ರಾವಕಯುಕ್ತ ಅಂಟು ಹಚ್ಚಿದರೆ ಅಕ್ಷರವೇ ಕರಗಿಹೋಗುತ್ತದೆ.

ಕನ್ನಡಕ್ಕೆ ಇನ್ನೊಂದು ವಿಶೇಷ ತೊಂದರೆಯುಂಟು. ನಮ್ಮ ಒತ್ತಕ್ಷರಗಳೂ ದೀರ್ಘದ ಚಿಹ್ನೆಗಳೂ ಬಿಡಿ ಬಿಡಿ ತುಂಡುಗಳು. ಅಂಟು ಹಿಡಿಯಲು ಅವುಗಳಲ್ಲಿ ಜಾಗವೇ ಕಡಿಮೆ. ಮೊದಲು ಕಳಚುವುದೂ ಅವೇ. ‘ಅಕ್ಕಿ ಗಿರಣಿ’ಯ ಒತ್ತು ಬಿದ್ದು ‘ಅಕಿ ಗಿರಣಿ’ಯಾದರೆ ಮಾಲೀಕರಿಗೆ ನಷ್ಟ ಅಲ್ಪ, ಮುಜುಗರ ಅಧಿಕ. ಫೋಮ್‌ಶೀಟ್‌ನ ಒತ್ತುಗಳಿಗೆ ಅಂಟಿನ ಜೊತೆಗೆ ಎರಡು ಸಣ್ಣ ಮೊಳೆಗಳನ್ನು ಹೊಡೆಯುವುದು ಲೇಸು.

ಹಲಗೆಯ ವಿಷಯ: ಹೊರಾಂಗಣಕ್ಕೆ ಸಾಮಾನ್ಯ ಎಂ.ಡಿ.ಎಫ್. ಸಲ್ಲದು, ನೀರು ಕುಡಿದು ಊದುತ್ತದೆ. ಐ.ಎಸ್. 710 ಗುರುತಿನ ಪ್ಲೈವುಡ್ ಯೋಗ್ಯ. ಅದಕ್ಕೂ ಹಿಂಬದಿ ಮತ್ತು ಅಂಚುಗಳಿಗೆ ಬಣ್ಣ ಕಡ್ಡಾಯ.

ಇನ್ನು ಲೆಕ್ಕ. ಹೊಸ ಫಲಕವನ್ನು ಸಾಮಾನ್ಯವಾಗಿ ಸ್ಥಿರಾಸ್ತಿಯಾಗಿ ತೋರಿಸಿ ಸವಕಳಿ ಪಡೆಯಲಾಗುತ್ತದೆ. ಬಿದ್ದ ಅಕ್ಷರದ ಮರುಜೋಡಣೆ ಆ ವರ್ಷದ ದುರಸ್ತಿ ವೆಚ್ಚ. ಜಿ.ಎಸ್.ಟಿ. ನೋಂದಾಯಿತ ವ್ಯಾಪಾರಸ್ಥರು ಬಿಲ್ಲಿನ ಮೇಲಿನ ತೆರಿಗೆಗೆ ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ಆದರೆ ಆ ತೆರಿಗೆಯ ಮೊತ್ತದ ಮೇಲೂ ಸವಕಳಿ ಪಡೆದರೆ ಜಮೆ ದೊರೆಯದು. ರಾಜಿ ತೆರಿಗೆ ಯೋಜನೆಯಲ್ಲಿರುವವರಿಗೆ ಈ ಜಮೆ ಇಲ್ಲ. ಬಿಲ್ಲಿಲ್ಲದೆ ಮಾಡಿಸಿದ ಫಲಕಕ್ಕಂತೂ ಜಮೆಯೂ ಇಲ್ಲ, ಅಕ್ಷರ ಉದುರಿದಾಗ ಕೇಳಲು ಆಧಾರವೂ ಇಲ್ಲ. ಆದೇಶ ಪತ್ರದಲ್ಲಿ ಹಲಗೆಯ ದರ್ಜೆ, ಬಣ್ಣ ಒಣಗಲು ಬಿಡಬೇಕಾದ ದಿನಗಳು, ಅಂಟಿನ ಹೆಸರು ಹಾಗೂ ಕನಿಷ್ಠ ಒಂದು ಮಳೆಗಾಲದ ಜವಾಬ್ದಾರಿಯನ್ನು ಬರೆಸಿಕೊಳ್ಳಬೇಕು. ಅಕ್ಷರ ಕತ್ತರಿಸಿದ ನಕ್ಷೆಯ ಒಂದು ಪ್ರತಿಯನ್ನೂ ಕೇಳಿ ಪಡೆದು ಬಿಲ್ಲಿನ ಜೊತೆಯಲ್ಲೇ ಇಟ್ಟುಕೊಂಡರೆ, ಮುಂದೆ ಒಂದು ಒತ್ತು ಬಿದ್ದಾಗ ಅದೇ ಅಳತೆಯಲ್ಲಿ ಅದೊಂದನ್ನೇ ಕತ್ತರಿಸಿಕೊಳ್ಳಬಹುದು.